ತಗಡಿಗೂ ಕೈಗುಣ ಬೇಕು

ಕುರ್ಲಾದಲ್ಲಿ ತಯಾರಾಗುತ್ತಿದ್ದ ಪ್ರೀಮಿಯರ್ ಪದ್ಮಿನಿಯ ಕೊನೆಯ ನೋಂದಾಯಿತ ಟ್ಯಾಕ್ಸಿ, 20 ವರ್ಷದ ಮಿತಿ ಮುಗಿದು, 2023ರ ಅಕ್ಟೋಬರಿನಲ್ಲಿ ಮುಂಬಯಿಯ ಬೀದಿಗಳಿಂದ ಮರೆಯಾಯಿತು. ಆ ಕಾರನ್ನು ಮನೆಯಲ್ಲಿ ಉಳಿಸಿಕೊಂಡಿರುವ ಥಾಣೆ, ಡೊಂಬಿವಲಿಯ ನಾವು ಮಡ್‌ಗಾರ್ಡ್ ತುಕ್ಕು ಹಿಡಿದೊಡನೆ ಅಚ್ಚಿನ ನಕಲನ್ನು ಕೊಳ್ಳಲು ಓಡುತ್ತೇವೆ. ಅಗ್ಗ, ಬೇಗ ಎಂಬುದು ನಮ್ಮ ವಾದ. ಆದರೆ ದಶಕಗಳ ಗುದ್ದು, ದುರಸ್ತಿಗಳಿಂದ ಪ್ರತಿ ಕಾರಿನ ಮೈಯೂ ಬೇರೆಯಾಗಿರುತ್ತದೆ. ನಕಲನ್ನು ಕತ್ತರಿಸಿ, ಸಂದುಗಳಿಗೆ ಪುಟ್ಟಿ ಮೆತ್ತಿ ಕೂರಿಸುತ್ತೇವೆ. ಪುಟ್ಟಿ ಬಿರಿದಲ್ಲಿ ಮಳೆನೀರು ಇಳಿದು ತುಕ್ಕು ಮರಳುತ್ತದೆ. ಡೆಂಟಿಂಗ್ ಮಿಸ್ತ್ರಿಯಾದರೋ ಇನ್ನೊಂದು ಬದಿಯಿಂದ ಕಾಗದದಲ್ಲಿ ಅಳತೆ ತೆಗೆದು, ತಗಡನ್ನು ಬಡಿದು, ಆ ಕಾರಿಗೆ ಒಪ್ಪುವ ತಿರುವನ್ನೇ ತರುತ್ತಾರೆ. ರಬ್ಬರು, ಗಾಜನ್ನು ಕೊಳ್ಳೋಣ. ತಗಡಿನ ಕೆಲಸವನ್ನು ಅವರಿಗೇ ಕೊಡೋಣ. ಕೆಲಸವಿಲ್ಲದೆ ಆ ಕೈ ಇಲ್ಲವಾದರೆ, ಅದರ ನಕಲು ಯಾವ ಅಂಗಡಿಯಲ್ಲಿ ಸಿಕ್ಕೀತು?