ದಾರಿಯ ಹಕ್ಕು ಕೊಡುತ್ತಿದ್ದೇವೆಯೇ?

ಕಲ್ಲಡ್ಕದಿಂದ ವಿಟ್ಲ, ಸಾರಡ್ಕ, ಪೆರ್ಲ, ಬದಿಯಡ್ಕ ದಾಟಿ ಚೆರ್ಕಳ ಸೇರುವ ರಾಜ್ಯ ಹೆದ್ದಾರಿ ನಮ್ಮ ಎಷ್ಟೋ ಕುಟುಂಬಗಳನ್ನು ಜೋಡಿಸಿದೆ. 1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿದರೂ ನಮ್ಮ ಸಂಬಂಧಗಳು ಗಡಿಯಲ್ಲಿ ನಿಲ್ಲಲಿಲ್ಲ. ಹೆಣ್ಣು ಕೊಟ್ಟು ತಂದದ್ದು, ಅಡಿಕೆ ಮಾರಿದ್ದು, ಮಯ್ಯಿತ್ ನೋಡಲು ಓಡಿದ್ದು ಇದೇ ದಾರಿಯಲ್ಲಿ.

ಅಡಿಕೆ ತೋಟ, ಗುಡ್ಡಗಳ ಮಧ್ಯೆ ಸಾಗುವ ಇಂತಹ ರಸ್ತೆಗಳಲ್ಲಿ ತಿರುವು ಜಾಸ್ತಿ, ನಡೆಯಲು ಜಾಗ ಕಡಿಮೆ. ಬೆಳಿಗ್ಗೆ ಕಿತಾಬು ಎದೆಗವಚಿಕೊಂಡು ಮದ್ರಸಕ್ಕೆ ಹೊರಟ ಮಕ್ಕಳ ಪಕ್ಕದಲ್ಲೇ ಕೆಂಪು ಕಲ್ಲಿನ ಲಾರಿಗಳು ಹಾದುಹೋಗುತ್ತವೆ. ರಸ್ತೆಯಲ್ಲಿ ಗುಂಡಿ ಬಿದ್ದರೆ ಲೋಕೋಪಯೋಗಿ ಇಲಾಖೆಯನ್ನು ಕೇಳಲೇಬೇಕು. ಆದರೆ ರಸ್ತೆಯ ಅಂಚನ್ನು ತಿಂದವರು ಯಾರು? ಮನೆಯ ಗೇಟಿಗಾಗಿ ಚರಂಡಿ ಮುಚ್ಚಿದವರು, ಜಲ್ಲಿ, ಹೊಯ್ಗೆ ರಾಶಿ ಹಾಕಿ ತಿಂಗಳುಗಟ್ಟಲೆ ಬಿಟ್ಟವರು, ಮದುವೆಯ ದಿನ ಎರಡೂ ಬದಿ ಕಾರು ನಿಲ್ಲಿಸುವವರು ನಮ್ಮಲ್ಲೂ ಇದ್ದಾರಲ್ಲ!

ಈಮಾನಿಗೆ ಎಪ್ಪತ್ತಕ್ಕೂ ಮಿಕ್ಕ ಶಾಖೆಗಳಿವೆ, ದಾರಿಯಿಂದ ತೊಂದರೆ ನಿವಾರಿಸುವುದು ಅದರಲ್ಲೊಂದು ಎಂದು ಪ್ರವಾದಿಯವರು (ಸ) ಕಲಿಸಿದ್ದಾರೆ. ದಾರಿ ಬದಿಯಲ್ಲಿ ಕೂರುವವರಿಗೂ ದಾರಿಯ ಹಕ್ಕು ಕೊಡಿ, ಯಾರಿಗೂ ಉಪದ್ರ ಕೊಡಬೇಡಿ ಎಂದಿದ್ದಾರೆ. ಮದ್ರಸದಲ್ಲಿ ನಾವು ಇದನ್ನು ಮಕ್ಕಳಿಗೆ ಬಾಯಿಪಾಠ ಮಾಡಿಸುತ್ತೇವೆ. ಹೊರಗೆ ಬಂದಾಗ ಅದೇ ಮಗು ಏನು ನೋಡುತ್ತದೆ?

ಇನ್ನೊಂದು ಮಾತು. ಲೈಸನ್ಸ್ ಇಲ್ಲದ ಹುಡುಗನ ಕೈಗೆ ಬೈಕ್ ಕೊಡುವುದು ಪ್ರೀತಿಯಲ್ಲ. 2019ರ ಮೋಟಾರು ವಾಹನ ತಿದ್ದುಪಡಿ ಕಾಯ್ದೆಯ ಪ್ರಕಾರ ಅಪ್ರಾಪ್ತರು ವಾಹನ ಚಲಾಯಿಸಿ ಅಪರಾಧ ಮಾಡಿದರೆ ಪೋಷಕರಿಗೆ ಅಥವಾ ವಾಹನದ ಮಾಲೀಕರಿಗೆ 25,000 ರೂಪಾಯಿ ದಂಡ, 3 ವರ್ಷದವರೆಗೆ ಜೈಲು. ದಂಡ ಕಟ್ಟಬಹುದು, ಹೋದ ಜೀವ ಬರುತ್ತದೆಯೇ? ಅದೇ ಕಾಯ್ದೆ ಗಾಯಾಳುವನ್ನು ಆಸ್ಪತ್ರೆಗೆ ಸೇರಿಸುವವರಿಗೆ ರಕ್ಷಣೆಯನ್ನೂ ಕೊಟ್ಟಿದೆ. ಹೆಸರು ಹೇಳಲೇಬೇಕೆಂದು ಅವರನ್ನು ಒತ್ತಾಯಿಸುವಂತಿಲ್ಲ. ಕೇಸಿನ ಹೆದರಿಕೆಯಿಂದ ದೂರ ನಿಂತು ಮೊಬೈಲಿನಲ್ಲಿ ವಿಡಿಯೋ ಮಾಡುವವರು ಇದನ್ನು ತಿಳಿಯಲಿ.

ಹೆದ್ದಾರಿ ಬದಿಯ ಪ್ರತಿ ಜಮಾಅತ್ ಮೂರು ಕೆಲಸ ಮಾಡಲಿ. ಮಳೆಗಾಲಕ್ಕೆ ಮೊದಲು ಊರವರೆಲ್ಲ ಸೇರಿ, ಜಾತಿ ಧರ್ಮ ನೋಡದೆ, ಚರಂಡಿ ಬಿಡಿಸಲಿ. ನಿಕಾಹ್ ದಿನ ನಿಗದಿ ಮಾಡುವಾಗಲೇ ವಾಹನ ನಿಲ್ಲಿಸುವ ಜಾಗವನ್ನೂ ಕೇಳಲಿ. ಮದ್ರಸ ಬಿಡುವ ಹೊತ್ತಿಗೆ ಇಬ್ಬರು ಯುವಕರನ್ನು ರಸ್ತೆ ದಾಟಿಸಲು ನಿಲ್ಲಿಸಲಿ. ಇದಕ್ಕೆ ದೊಡ್ಡ ಫಂಡ್ ಬೇಡ, ಮನಸ್ಸು ಸಾಕು. ಮಸೀದಿಗೆ ಬರುವ ದಾರಿಯಲ್ಲಿ ಇನ್ನೊಬ್ಬರ ಮಗುವಿಗೂ ನಡೆಯಲು ಒಂದು ಗೇಣು ಜಾಗ ಉಳಿಯಲಿ.