ಮಂಡೆಬೆಚ್ಚಕ್ಕೆ ಒಂಟಿ ಧ್ಯಾನ ಸಾಕೇ?

ಕಾರ್ಕಳದ ಗುಡ್ಡದ ಮೇಲೆ 1432ರಿಂದ ನಿಂತಿರುವ 42 ಅಡಿಯ ಬಾಹುಬಲಿಯನ್ನು ಕಂಡವರಿಗೆ ಮೈಗೆ ಹಬ್ಬಿದ ಬಳ್ಳಿ ನೆನಪಿರುತ್ತದೆ. ಮನಸ್ಸಿನಲ್ಲಿ ಉಳಿದಿದ್ದ ಮುಳ್ಳು ಅಷ್ಟಾಗಿ ನೆನಪಿರುವುದಿಲ್ಲ. ಅಣ್ಣ ಭರತನನ್ನು ಗೆದ್ದು, ಗೆದ್ದ ರಾಜ್ಯವನ್ನೂ ಬಿಟ್ಟು, ವರ್ಷವಿಡೀ ಅಲುಗದೆ ನಿಂತರೂ ಅಣ್ಣನ ಕುರಿತ ಕೊರಗೊಂದು ಅವನನ್ನು ಬಿಟ್ಟಿರಲಿಲ್ಲ ಎನ್ನುತ್ತದೆ ದಿಗಂಬರ ಜೈನರ ಕಥೆ. ಭರತನೇ ಬಂದು ಪೂಜಿಸಿದ ಮೇಲೆ ಕೇವಲಜ್ಞಾನವಾಯಿತು. ಅಷ್ಟು ದೊಡ್ಡ ತಪಸ್ವಿಗೂ ಅಣ್ಣನೇ ಬರಬೇಕಾಯಿತು!

ಈಗ ಧ್ಯಾನ ಮೊಬೈಲಿಗೆ ಬಂದಿದೆ. ಮಣಿಪಾಲದ ಹಾಸ್ಟೆಲ್ ಕೋಣೆಯಲ್ಲಿ ಇಯರ್‌ಫೋನ್ ಸಿಕ್ಕಿಸಿಕೊಂಡು ಹತ್ತು ನಿಮಿಷ ಉಸಿರು ಗಮನಿಸಿದರೆ ಪರೀಕ್ಷೆಯ ಭಯ ತುಸು ಇಳಿದೀತು. ಅದನ್ನು ಹಗುರಾಗಿ ಕಾಣಬೇಕಿಲ್ಲ. ಆದರೆ ಜಾನ್ ಕಬಟ್-ಜಿನ್ 1979ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ಆಸ್ಪತ್ರೆಯಲ್ಲಿ ಬೌದ್ಧರ ಸ್ಮೃತಿ (ಮೈಂಡ್‌ಫುಲ್‌ನೆಸ್) ಸಾಧನೆಯನ್ನು ಚಿಕಿತ್ಸೆಗೆ ಒಗ್ಗಿಸಿದಾಗ ಅದು ಹಲವು ವಾರಗಳ ತರಗತಿಯಾಗಿತ್ತು, ದೀರ್ಘಕಾಲದ ನೋವಿನಿಂದ ಬಳಲುವವರು ಒಟ್ಟಿಗೆ ಕೂತು ಕಲಿಯುತ್ತಿದ್ದರು. ಆ್ಯಪ್ ಬಂದದ್ದೇ ಜೊತೆಗಾರರು ಮಾಯವಾದರು.

ಅರಿವನ್ನೂ ಸಂಬಂಧವನ್ನೂ ಒಂದೇ ಕೋಣೆಗೆ ತರುವ ಮನೋಚಿಕಿತ್ಸೆಯ ಕವಲೂ ಇದೆ. ಎಪ್ಪತ್ತರ ದಶಕದಲ್ಲಿ ರಾನ್ ಕರ್ಟ್ಜ್ ರೂಪಿಸಿದ 'ಹಕೋಮಿ' ಅಂಥದ್ದು. ಕಾಪುವಿನ ಹೆಂಗಸೊಬ್ಬಳನ್ನು ಊಹಿಸಿಕೊಳ್ಳೋಣ. ಗಂಡ ಗಲ್ಫ್‌ನಲ್ಲಿ, ಮನೆಯಲ್ಲಿ ಅತ್ತೆ, ರಾತ್ರಿ ನಿದ್ದೆಯಿಲ್ಲ. ಅತ್ತೆಯ ಹೆಸರೆತ್ತುವಾಗಲೆಲ್ಲ ಅವಳ ಹೆಗಲು ಬಿಗಿಯುತ್ತದೆ, ದನಿ ಸಣ್ಣಗಾಗುತ್ತದೆ. ಚಿಕಿತ್ಸಕರು ಬುದ್ಧಿ ಹೇಳಲು ಹೋಗುವುದಿಲ್ಲ. ಮಾತನ್ನು ಅಲ್ಲೇ ನಿಲ್ಲಿಸಿ, ಆ ಬಿಗಿತವನ್ನು ಅವಳೇ ಗಮನಿಸುವಂತೆ ಮಾಡುತ್ತಾರೆ. ಬಾಲ್ಯದಲ್ಲಿ ಯಾರ ಮುಂದೆ ಹೀಗೆ ಮುದುಡಿದ್ದಳು ಎಂಬುದು ನಿಧಾನ ಹೊರಬರುತ್ತದೆ. ಎದುರಿಗಿರುವವರು ಗದರದೆ, ಅವಸರ ಮಾಡದೆ ಕೇಳಿಸಿಕೊಳ್ಳುವುದೇ ಅರ್ಧ ಮದ್ದು.

ತುಳುನಾಡಿಗೆ ಇದು ಪೂರಾ ಹೊಸತೇ? ಬೇಸಿಗೆಯ ಹುಣ್ಣಿಮೆಯಿರುಳು ಬಾಹುಬಲಿಯ ತಾಲ್ಲೂಕಿನದೇ ಆದ ನಂದಳಿಕೆಯಲ್ಲಿ ಸಿರಿ ಜಾತ್ರೆ ನಡೆಯುತ್ತದೆ, ಹಿರಿಯಡಕದಲ್ಲೂ ಉಂಟು. ಗಂಡನ ಅವಮಾನ ಸಹಿಸದೆ ಅವನನ್ನು ಬಿಟ್ಟು ಬಂದ ಸಿರಿ, ಅವಳ ಮಗಳು ಸೊನ್ನೆ, ಚೆನ್ನೆಮಣೆಯಾಟದಲ್ಲಿ ಜಗಳಾಡಿ ಸತ್ತ ಮೊಮ್ಮಕ್ಕಳು ಅಬ್ಬಗ-ದಾರಗ, ಇವರೆಲ್ಲ ಹಿಂಗಾರ ಹಿಡಿದ ಹೆಂಗಸರ ಮೈಮೇಲೆ ಬರುತ್ತಾರೆ. ಬಾಯಿ ಬಿಡದ ಹೊಸಬಳನ್ನು ಸಿರಿಯ ಮಗ ಕುಮಾರನ ಪಾತ್ರಧಾರಿ ಮತ್ತು ಹಳೆಯ ಸಿರಿಗಳು ಮಾತಿಗೆಳೆಯುತ್ತಾರೆ. ಮನೆಯವರು ಸುತ್ತ ನಿಂತು ಕೇಳಬೇಕು. ವಿದ್ವಾಂಸ ಪೀಟರ್ ಕ್ಲಾಸ್ ಎಪ್ಪತ್ತರ ದಶಕದಿಂದಲೇ ಈ ಬಗ್ಗೆ ಬರೆದರು. ಫಿನ್ಲೆಂಡಿನ ಲೌರಿ ಹಾಂಕೊ 1990ರಲ್ಲಿ ಗೋಪಾಲ ನಾಯ್ಕರ ಬಾಯಿಂದ ಧ್ವನಿಮುದ್ರಿಸಿಕೊಂಡ ಸಿರಿ ಕಾವ್ಯ 15,683 ಸಾಲುಗಳಷ್ಟು ಉದ್ದವಾಯಿತು. ಮನೆಯ ಸಂಕಟ ಹೇಳಿಕೊಳ್ಳಲು ಅಷ್ಟು ಸಾಲು ಬೇಕೇನೋ.

ಹಾಗೆಂದು ಜಾತ್ರೆಯೇ ಆಸ್ಪತ್ರೆ ಎಂದು ಉಬ್ಬುವುದು ಬೇಡ. ಬೆಳಗಾದ ಮೇಲೆ ಅದೇ ಸೊಸೆ ಅದೇ ಅಡುಗೆಮನೆಗೆ ಮರಳಿದರೆ ಬದಲಾದದ್ದೇನು? ತೀವ್ರ ಖಿನ್ನತೆಗೂ ಚಿತ್ತವಿಕಲತೆಗೂ ಮನೋವೈದ್ಯರು ಬೇಕು, ಮಾತ್ರೆಯೂ ಬೇಕಾದೀತು; ಮಣಿಪಾಲದ ಕೆಎಂಸಿ, ಉಡುಪಿ ದೊಡ್ಡಣಗುಡ್ಡೆಯ ಡಾ. ಎ.ವಿ. ಬಾಳಿಗಾ ಸ್ಮಾರಕ ಆಸ್ಪತ್ರೆ ಇರುವುದೇ ಅದಕ್ಕೆ. ಆಘಾತ ಕಂಡವರಲ್ಲಿ ಕೆಲವರಿಗೆ ಧ್ಯಾನಕ್ಕೆಂದು ಕಣ್ಣು ಮುಚ್ಚಿ ಕೂತರೆ ಹಳೆಯ ದೃಶ್ಯವೇ ಎದ್ದು ಬರುತ್ತದೆ. 'ಕೌನ್ಸೆಲರ್' ಬೋರ್ಡು ಕಂಡೊಡನೆ ಒಳಹೊಗುವ ಮೊದಲು ಅವರ ಓದನ್ನು ವಿಚಾರಿಸಬೇಕು. ಕ್ಲಿನಿಕಲ್ ಸೈಕಾಲಜಿಸ್ಟ್ ಎನ್ನುವವರು ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಾಯಿಸಿರಬೇಕು.

ಇನ್ನು ಕೊರತೆಯ ಮಾತು. 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ವಯಸ್ಕರಲ್ಲಿ ಸುಮಾರು ಶೇ 10.6 ಮಂದಿಗೆ ಆಗ ಮಾನಸಿಕ ಕಾಯಿಲೆಯಿತ್ತು. ಬಹುಪಾಲು ಜನರಿಗೆ ಚಿಕಿತ್ಸೆ ಸಿಕ್ಕಿರಲಿಲ್ಲ. 2022ರ ಅಕ್ಟೋಬರ್‌ನಲ್ಲಿ ಶುರುವಾದ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿದರೆ ಉಚಿತವಾಗಿ ಕನ್ನಡದಲ್ಲೇ ಮಾತಾಡಬಹುದು. ಒಳ್ಳೆಯದೇ. ಆದರೆ ಎದುರು ಕೂತು, ಮೈಯ ಬಿಗಿತವನ್ನೂ ನೋಡುತ್ತಾ ವಾರಗಟ್ಟಲೆ ಕೇಳಿಸಿಕೊಳ್ಳುವವರು ಕಾಪು, ಕಾರ್ಕಳದ ಸರ್ಕಾರಿ ಆಸ್ಪತ್ರೆಗಳಲ್ಲೂ ಸಿಗಬೇಕು. ಅವರಿಗೆ ತುಳು ಬರಬೇಕು, ಕುಂದಗನ್ನಡ ತಿಳಿಯಬೇಕು. ಈ ಕಡೆಯವರು ಚಿಂತೆ ಎನ್ನುವುದಿಲ್ಲ, 'ಮಂಡೆಬೆಚ್ಚ' ಎನ್ನುತ್ತಾರೆ. ಅದನ್ನು ಕೇಳಿ ಥರ್ಮಾಮೀಟರ್ ಹುಡುಕುವವರಿಂದ ಯಾವ ಮನೋಚಿಕಿತ್ಸೆಯೂ ಶುರುವಾಗದು.