ಪರದೇಶದ ಹಾದಿಯೂ ದಾರಿ ತೋರುವ ಯಂತ್ರವೂ



ಕಳೆದ ತಿಂಗಳು ಮಾಸೂರಿನ ಹಿರಿಯ ಕೃಷಿಕರೊಬ್ಬರು ತಮ್ಮ ಧರ್ಮಪತ್ನಿಯೊಡನೆ ನಮ್ಮಲ್ಲಿಗೆ ಬಂದಿದ್ದರು. ಅವರ ಮಗ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ನಗರದಲ್ಲಿ ಉದ್ಯೋಗಸ್ಥ. ತಂದೆತಾಯಿಗಳನ್ನು ಕರೆಸಿಕೊಂಡು, ಲಂಡನ್ನಿನ ಥೇಮ್ಸ್ ನದಿಯ ದಂಡೆಯಲ್ಲಿ 2015ರ ನವೆಂಬರ್ 14ರಂದು ಅನಾವರಣಗೊಂಡ ಬಸವೇಶ್ವರರ ಪ್ರತಿಮೆಯ ದರ್ಶನ ಮಾಡಿಸಿ, ಅಲ್ಲಿಂದ ಕಡಲು ದಾಟಿ ಫ್ರಾನ್ಸ್, ಜರ್ಮನಿಗಳಿಗೂ ತನ್ನ ಕಾರಿನಲ್ಲಿಯೇ ಕರೆದೊಯ್ಯಬೇಕೆಂಬುದು ಅವನ ಹಂಬಲ. ಆದರೆ ತಾಯಿಯವರು ಸುತರಾಂ ಒಪ್ಪಿರಲಿಲ್ಲ.

"ಹೋದ ಸಲದ್ದು ಇನ್ನೂ ಮರತಿಲ್ರಿ ಗುರುಗಳ. ಆ ಮಾತಾಡೋ ಯಂತ್ರ ನಂಬಿ ಮತ್ತ ಕಾರ್ ಹತ್ತಂಗಿಲ್ರಿ" ಎಂದರು.

ನಡೆದುದಿಷ್ಟು. ಮೂರು ವರ್ಷಗಳ ಹಿಂದೆ ಮಗನು ಅವರನ್ನು ನ್ಯೂಪೋರ್ಟ್ ಎಂಬ ಊರಿನ ಸ್ನೇಹಿತನ ಮನೆಗೆ ಕರೆದುಕೊಂಡು ಹೊರಟಿದ್ದನು. ಒಂದು ತಾಸಿನ ಪ್ರಯಾಣವೆಂದು ತಾಯಿಯ ಹೃದ್ರೋಗದ ಮಾತ್ರೆಗಳು ಮನೆಯಲ್ಲಿಯೇ ಉಳಿದವು. ಆ ದೇಶದಲ್ಲಿ ನ್ಯೂಪೋರ್ಟ್ ಎಂಬ ಊರುಗಳು ಹಲವು. ಸ್ನೇಹಿತನಿದ್ದುದು ಶ್ರಾಪ್‌ಶೈರ್ ಪ್ರಾಂತದ ಚಿಕ್ಕ ಪಟ್ಟಣದಲ್ಲಿ. ಯಂತ್ರವು ಅವರನ್ನು ಒಯ್ದುದು ವೇಲ್ಸ್‌ನ ದೊಡ್ಡ ನಗರಕ್ಕೆ. ತಪ್ಪು ತಿಳಿಯುವಷ್ಟರಲ್ಲಿ ಎರಡು ತಾಸು ಕಳೆದಿತ್ತು. ರಾತ್ರಿ ಮನೆಗೆ ಮರಳುವವರೆಗೆ ಆ ತಾಯಿಗೆ ಮಾತ್ರೆ ದೊರೆಯಲಿಲ್ಲ. ದೇವರ ದಯೆಯಿಂದ ಅನಾಹುತವೇನೂ ಆಗಲಿಲ್ಲ.

ನಾವು ವಾಹನ ನಡೆಸಿದವರಲ್ಲ. ಆದರೂ ಕೇಳಿದವರಿಗೆ ಓದಿ, ವಿಚಾರಿಸಿ ಉತ್ತರ ಹೇಳುವುದು ನಮ್ಮ ರೂಢಿ. ಅನೇಕ ಕುಟುಂಬಗಳ ಮಕ್ಕಳು ಇಂದು ಹೊರದೇಶಗಳಲ್ಲಿರುವುದರಿಂದ, ತಿಳಿದುದನ್ನು ಇಲ್ಲಿಯೂ ಬರೆಯುತ್ತಿದ್ದೇವೆ.

ಹೆಸರಿನ ಗೊಂದಲ ಆ ದೇಶಕ್ಕೆ ಮಾತ್ರ ಸೀಮಿತವಲ್ಲ. ಕುಮುದ್ವತಿಯ ಮದಗದ ಕೆರೆಯ ನೆರೆಯಲ್ಲಿರುವ ನಮ್ಮ ಮಾಸೂರಿಗೆ ರೈಲುಮಾರ್ಗವಿಲ್ಲ. ಆದರೆ ಮಾಸೂರು ಎಂಬ ರೈಲುನಿಲ್ದಾಣವುಂಟು. ಅದು ಮಹಾರಾಷ್ಟ್ರದ ಸಾತಾರಾ ಜಿಲ್ಲೆಯಲ್ಲಿದೆ! ನಾವು ಜಿಲ್ಲೆಯ ಹೆಸರನ್ನು ಕೂಡಿಸಿ ಹೇಳುವಂತೆ, ಬ್ರಿಟನ್ನಿನಲ್ಲಿ ಊರಿನ ಹೆಸರಿನ ಬದಲು ಅಂಚೆಸಂಕೇತವನ್ನು ಪೂರ್ಣವಾಗಿ ಕೊಡಬೇಕು. ಅಲ್ಲಿ ಒಂದು ಸಂಕೇತವು ಸರಾಸರಿ ಹದಿನೈದು ಮನೆಗಳಿಗಷ್ಟೇ ಸೇರಿದ್ದು. ಅನಂತರ ಯಂತ್ರವು ತೋರಿಸುವ ದೂರ ಹಾಗೂ ಸಮಯಗಳನ್ನು ಹೊರಡುವ ಮೊದಲೇ ಓದಬೇಕು. ಒಂದು ತಾಸಿನ ಹಾದಿಗೆ ಎರಡು ತಾಸೆಂದು ತೋರಿದರೆ ಅಲ್ಲಿಯೇ ನಿಂತು ವಿಚಾರಿಸುವುದು ವಿಹಿತ.

ಈ ಯಂತ್ರ ಕೆಲಸ ಮಾಡುವ ಬಗೆಯನ್ನು ಅರಿತರೆ ಆಯ್ಕೆ ಸುಲಭ. ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿ ಸುತ್ತುವ ಅಮೆರಿಕದ ಜಿ.ಪಿ.ಎಸ್. ಉಪಗ್ರಹಗಳು ಕಾಲಸೂಚಕ ಸಂಕೇತಗಳನ್ನು ಬಿತ್ತರಿಸುತ್ತಿರುತ್ತವೆ. ಯಂತ್ರವು ಕನಿಷ್ಠ ನಾಲ್ಕು ಉಪಗ್ರಹಗಳ ಸಂಕೇತಗಳನ್ನು ಆಲಿಸಿ ತಾನಿರುವ ಸ್ಥಳವನ್ನು ಗಣಿಸುತ್ತದೆ. ಈ ವ್ಯವಸ್ಥೆ ಪೂರ್ಣಗೊಂಡುದು 1995ರಲ್ಲಿ. ಜನಸಾಮಾನ್ಯರ ಯಂತ್ರಗಳಿಗೆ ಬೇಕೆಂದೇ ಬೆರೆಸುತ್ತಿದ್ದ ದೋಷವನ್ನು ಅಮೆರಿಕ ನಿಲ್ಲಿಸಿದುದು 2000ದ ಮೇ ತಿಂಗಳಲ್ಲಿ. ಬೆಂಗಳೂರಿನ ಸಮೀಪದ ಬ್ಯಾಲಾಳುವಿನಲ್ಲಿ ಕೇಂದ್ರವನ್ನು ಹೊಂದಿರುವ ನಮ್ಮ ದೇಶದ ನಾವಿಕ್ ವ್ಯವಸ್ಥೆಯನ್ನು ಭಾರತ ಹಾಗೂ ಅದರ ಸುತ್ತಲಿನ ಪ್ರದೇಶಕ್ಕೆಂದು ರೂಪಿಸಲಾಗಿದೆ, ಯುರೋಪಿನಲ್ಲಿ ಜಿ.ಪಿ.ಎಸ್. ಜೊತೆಗೆ ಅಲ್ಲಿಯವರದೇ ಗೆಲಿಲಿಯೊ ವ್ಯವಸ್ಥೆಯುಂಟು.

ಸಂಕೇತಕ್ಕೆ ಹಣವೂ ಬೇಡ, ಇಂಟರ್ನೆಟ್ಟೂ ಬೇಡ. ಬೇಕಾದುದು ನಕ್ಷೆ. ಆದಕಾರಣ ಕೊಳ್ಳುವವರು ಮೊದಲು ಕೇಳಬೇಕಾದ ಪ್ರಶ್ನೆ, ಯಂತ್ರದೊಳಗೆ ಯಾವ ದೇಶಗಳ ನಕ್ಷೆಯಿದೆ ಎಂಬುದು. ಬ್ರಿಟನ್ನಿನ ನಕ್ಷೆಯೊಂದನ್ನೇ ಹೊಂದಿದ ಯಂತ್ರ ಫ್ರಾನ್ಸಿನ ದಂಡೆಯಲ್ಲಿ ಮೂಕವಾಗುತ್ತದೆ. ಎರಡನೆಯದು, ನಕ್ಷೆಯನ್ನು ಕಾಲಕಾಲಕ್ಕೆ ಉಚಿತವಾಗಿ ನವೀಕರಿಸಿ ಕೊಡುವರೇ ಎಂಬುದು. ಮೂರನೆಯದು, ವಯಸ್ಸಾದವರೂ ಓದಬಲ್ಲಷ್ಟು ಪರದೆ ದೊಡ್ಡದಿದೆಯೇ ಎಂಬುದು.

ಮೊಬೈಲ್ ಇರುವಾಗ ಬೇರೆ ಯಂತ್ರವೇಕೆಂಬ ಪ್ರಶ್ನೆ ಸಹಜ. ಒಂದೇ ದೇಶದಲ್ಲಿ ಸಂಚರಿಸುವವರಿಗೆ, ನಕ್ಷೆಯನ್ನು ಮನೆಯಲ್ಲಿಯೇ ಇಳಿಸಿಟ್ಟುಕೊಂಡ ಮೊಬೈಲ್ ಸಾಕು. ಹಲವು ದೇಶಗಳನ್ನು ದಿನಗಟ್ಟಲೆ ಸುತ್ತುವವರಿಗೆ ಪ್ರತ್ಯೇಕ ಯಂತ್ರ ಅನುಕೂಲ. ಕರೆ ಬಂದಾಗ ಅದು ತಡವರಿಸದು, ಮೊಬೈಲಿನ ಚಾರ್ಜು ಆಪತ್ಕಾಲಕ್ಕೆ ಉಳಿಯುತ್ತದೆ. ಮುಂದಿನ ವಾಹನದಟ್ಟಣೆಯನ್ನು ತಿಳಿಯಲು ಮಾತ್ರ ಎರಡಕ್ಕೂ ಹೊರಗಿನ ಮಾಹಿತಿ ಬರುತ್ತಿರಬೇಕು.

ಕಾನೂನನ್ನೂ ಅರಿತಿರಬೇಕು. ಬ್ರಿಟನ್ನಿನಲ್ಲಿ 2022ರ ಮಾರ್ಚ್ 25ರಿಂದ ನಿಯಮ ಬಿಗಿಯಾಗಿದೆ. ವಾಹನ ನಡೆಸುತ್ತ ಮೊಬೈಲನ್ನು ಕೈಯಲ್ಲಿ ಹಿಡಿದು ಬಳಸಿದರೆ 200 ಪೌಂಡ್ ದಂಡ. ಅದು ಹಿಡಿಕೆಯಲ್ಲಿರಬೇಕು, ಎದುರಿನ ನೋಟವನ್ನು ಮರೆಮಾಡಬಾರದು. ವೇಗ ಅಳೆಯುವ ಕ್ಯಾಮೆರಾಗಳ ನಿಖರ ಸ್ಥಳವನ್ನು ತಿಳಿಸುವ ಸೂಚನೆಯನ್ನು ಫ್ರಾನ್ಸ್ 2012ರಲ್ಲಿ ನಿಷೇಧಿಸಿತು. ಜರ್ಮನಿಯಲ್ಲಿಯೂ ಚಾಲಕನು ಅದನ್ನು ಬಳಸುವಂತಿಲ್ಲ. ಕಡಲು ದಾಟುವ ಮುನ್ನವೇ ಆ ಸೂಚನೆಯನ್ನು ನಿಲ್ಲಿಸಿಬಿಡಬೇಕು. ಬ್ರಿಟನ್ನಿನಲ್ಲಿ ನಮ್ಮಂತೆ ಎಡಬದಿಯ ಸಂಚಾರ, ಲೆಕ್ಕ ಮೈಲಿಯಲ್ಲಿ. ಆಚೆಯ ದಡದಲ್ಲಿ ಬಲಬದಿಯ ಸಂಚಾರ, ಲೆಕ್ಕ ಕಿಲೋಮೀಟರಿನಲ್ಲಿ.

ಇಷ್ಟನ್ನೂ ಕೇಳಿದ ಮೇಲೆ ಆ ಹಿರಿಯರು, "ಅಂದ್ರ ತಪ್ಪು ಯಂತ್ರದ್ದಲ್ಲ ಅಂತೀರೇನ್ರಿ?" ಎಂದರು. ಕೇಳಿದ ಊರನ್ನು ಯಂತ್ರ ತೋರಿತು. ಕೇಳಿದವರು ಯಾವ ಊರೆಂದು ತಿಳಿಸಲಿಲ್ಲ, ತೋರಿದುದನ್ನು ಓದಲೂ ಇಲ್ಲ ಎಂದೆವು. ಇಡೀ ಯುರೋಪಿನ ನಕ್ಷೆಯುಳ್ಳ ಯಂತ್ರವೊಂದನ್ನು ಕೊಳ್ಳುವಂತೆಯೂ, ಜೊತೆಗೆ ಒಂದು ಮುದ್ರಿತ ನಕ್ಷೆಯ ಪುಸ್ತಕವನ್ನು ಕಾರಿನಲ್ಲಿರಿಸುವಂತೆಯೂ ಮಗನಿಗೆ ತಿಳಿಸಲು ಹೇಳಿದೆವು. ಪ್ರತಿದಿನ ಹೊರಡುವ ಮೊದಲು ಊರಿನ ಹೆಸರು, ದೂರ, ಸಮಯ ಇವನ್ನು ಮಗನಿಂದ ಓದಿಸಿ ಕೇಳುವ ಕೆಲಸವನ್ನು ತಂದೆಯವರಿಗೇ ಒಪ್ಪಿಸಿದೆವು.

ತಾಯಿಯವರು ಬಹಳ ಹೊತ್ತು ಸುಮ್ಮನಿದ್ದು, "ಗುಳಿಗಿ ಚೀಲ ನನ್ನ ಕೈಯಾಗ ಇರಬೇಕ್ರಿ, ಅಂದ್ರ ಬರ್ತೀನಿ" ಎಂದರು. ಒಂದು ತಾಸಿನ ಹಾದಿಯಾದರೂ ಎರಡು ದಿನಗಳ ಔಷಧಿ ಕೈಚೀಲದಲ್ಲಿರಲಿ ಎಂದು ನಾವೂ ಹೇಳಿ ಬೀಳ್ಕೊಟ್ಟೆವು.